ಕರೆದ ಊರಿಗೆ ಬರಲಿಲ್ಲ, ಬಂದ ಊರು ಕರೆದಿರಲಿಲ್ಲ

ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಲ್ಲಿ ರಟ್ಲೆಂಡ್ ಎಂಬ ಪುಟ್ಟ ನಗರವಿದೆ. ಒಂದು ಕಾಲಕ್ಕೆ ಅಮೃತಶಿಲೆಯ ಗಣಿಗಳಿಂದ ಹೆಸರು ಮಾಡಿದ್ದ ಊರು. 1970ರಲ್ಲಿ ಹತ್ತೊಂಬತ್ತು ಸಾವಿರ ದಾಟಿದ್ದ ಅದರ ಜನಸಂಖ್ಯೆ 2010ರ ಜನಗಣತಿಯ ವೇಳೆಗೆ 16,495ಕ್ಕೆ ಇಳಿದಿತ್ತು. ಓದು ಮುಗಿಸಿದ ಯುವಕರು ದೊಡ್ಡ ನಗರಗಳ ಹಾದಿ ಹಿಡಿದಿದ್ದರು. ಸಾಲದ್ದಕ್ಕೆ ಹೆರಾಯಿನ್ ಪಿಡುಗು. 2014ರ ಜನವರಿಯಲ್ಲಿ ವರ್ಮಾಂಟ್‌ನ ಅಂದಿನ ಗವರ್ನರ್ ಪೀಟರ್ ಶಮ್ಲಿನ್ ಶಾಸನಸಭೆಯಲ್ಲಿ ಮಾಡಿದ ವಾರ್ಷಿಕ ಭಾಷಣವನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ಈ ಪಿಡುಗಿಗೇ ಮೀಸಲಿಟ್ಟಾಗ, ಪತ್ರಕರ್ತರು ಉದಾಹರಣೆಗೆಂದು ಹುಡುಕಿಕೊಂಡು ಹೋದ ಊರುಗಳಲ್ಲಿ ರಟ್ಲೆಂಡ್ ಮೊದಲ ಸಾಲಿನಲ್ಲಿತ್ತು.

ಇಂಥ ಊರಿನ ಮೇಯರ್ ಕ್ರಿಸ್ಟೋಫರ್ ಲೂರಾಸ್ 2016ರ ಏಪ್ರಿಲ್ 26ರಂದು ಒಂದು ಘೋಷಣೆ ಮಾಡಿದರು. ಅಂತರ್ಯುದ್ಧದಲ್ಲಿ ಮನೆಮಠ ಕಳೆದುಕೊಂಡ 100 ಮಂದಿ ಸಿರಿಯಾ ನಿರಾಶ್ರಿತರಿಗೆ ರಟ್ಲೆಂಡ್ ಆಶ್ರಯ ನೀಡಲಿದೆ ಎಂಬುದೇ ಆ ಘೋಷಣೆ. ಇದನ್ನು ಬರಿಯ ಕರುಣೆಯ ಮಾತಾಗಿ ಅವರು ಮುಂದಿಡಲಿಲ್ಲ. ಊರಿಗೆ ಜನ ಬೇಕು, ಜನರಲ್ ಎಲೆಕ್ಟ್ರಿಕ್‌ನ ವಿಮಾನ ಎಂಜಿನ್ ಬಿಡಿಭಾಗಗಳ ಕಾರ್ಖಾನೆಗೆ ಕೈಗಳು ಬೇಕು, ಆಸ್ಪತ್ರೆಗೆ ಸಿಬ್ಬಂದಿ ಬೇಕು, ಖಾಲಿ ಬಿದ್ದ ಮನೆಗಳಿಗೆ ದೀಪ ಹಚ್ಚುವವರು ಬೇಕು ಎಂಬುದು ಅವರ ಲೆಕ್ಕ. ಗಣಿಗಳಿಗೆ ಐರಿಷ್, ಇಟಾಲಿಯನ್, ಪೋಲಿಷ್ ಕಾರ್ಮಿಕರು ಬಂದದ್ದರಿಂದಲೇ ಈ ಸೀಮೆ ಬೆಳೆದದ್ದು. ಲೂರಾಸ್ ಸ್ವತಃ ಗ್ರೀಕ್ ವಲಸಿಗರ ಕುಟುಂಬದ ಕುಡಿ.

ಹನ್ನೊಂದು ತಿಂಗಳೂ ತುಂಬುವ ಮೊದಲೇ ಅವರು ಮೇಯರ್ ಸ್ಥಾನ ಕಳೆದುಕೊಂಡಿದ್ದರು. ನೂರು ಸಿರಿಯನ್ನರ ಪೈಕಿ ಊರಿಗೆ ಬಂದು ತಲುಪಿದ್ದು ಬೆರಳೆಣಿಕೆಯ ಕುಟುಂಬಗಳು ಮಾತ್ರ.

ಅಮೆರಿಕದಲ್ಲಿ ಕುಗ್ಗುತ್ತಿರುವ ಸಣ್ಣ ನಗರಗಳ ಸಂಖ್ಯೆ ದೊಡ್ಡದು. ಅರಬ್ ವಲಸಿಗರನ್ನು ಕರೆತಂದು ನೆಲೆಗೊಳಿಸಿದರೆ ಇಂಥ ಊರುಗಳಿಗೆ ಮರುಜೀವ ಬಂದೀತು ಎಂಬ ವಾದ ಕಳೆದ ಒಂದೂವರೆ ದಶಕದಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಗವರ್ನರುಗಳು, ಮೇಯರುಗಳು ಎಲ್ಲರೂ ಇದಕ್ಕೆ ದನಿಗೂಡಿಸಿದವರೇ. ಆದರೆ ಅರಬ್ಬರು ನಿಜಕ್ಕೂ ನೆಲೆಯೂರಿ ಬೆಳೆಸಿದ ಅಮೆರಿಕನ್ ಊರುಗಳನ್ನು ನೋಡಿದರೆ ಅಲ್ಲಿಗೆ ಅವರನ್ನು ಯಾರೂ ಕರೆದಿರಲಿಲ್ಲ ಎಂಬುದು ಕಂಡುಬರುತ್ತದೆ. ಕೆಲವೆಡೆ ಅವರನ್ನು ಹೊರಹಾಕುವ ಯತ್ನವೇ ನಡೆದಿತ್ತು.

ವರ ಕೊಡುವವರು ಯಾರು?

ರಟ್ಲೆಂಡ್‌ನಲ್ಲಿ ಏನಾಯಿತು ಎಂಬುದನ್ನು ತುಸು ವಿವರವಾಗಿ ನೋಡುವುದು ಅಗತ್ಯ. ಲೂರಾಸ್ ಮಾಡಿದ ಮೊದಲ ತಪ್ಪು, ವಿಷಯವನ್ನು ನಗರಸಭೆಯ ಮುಂದಿಟ್ಟು ಚರ್ಚಿಸುವ ಮೊದಲೇ ನಿರಾಶ್ರಿತರ ಪುನರ್ವಸತಿ ಸಂಸ್ಥೆಯೊಂದಿಗೆ ಮಾತುಕತೆ ಮುಗಿಸಿ ಘೋಷಣೆಗೆ ಮುಂದಾದದ್ದು. ಊರಿನ ಜನರಿಗೆ, ಅಷ್ಟೇಕೆ ನಗರಸಭೆಯ ಬಹುಪಾಲು ಸದಸ್ಯರಿಗೂ, ಇದು ದಿಢೀರ್ ಸುದ್ದಿ. ವಿರೋಧಿಗಳಲ್ಲಿ ಇಸ್ಲಾಂ ಭೀತಿಯನ್ನು ಬಿತ್ತಿದವರಿದ್ದರು, ಸುಳ್ಳಲ್ಲ. ಆದರೆ ‘ನಮ್ಮನ್ನು ಒಂದು ಮಾತು ಕೇಳಲಿಲ್ಲವಲ್ಲ’ ಎಂದು ಸಿಟ್ಟಾದವರೂ ಇದ್ದರು. ಇವರಿಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಬೆಂಬಲಿಗರು ಮಾಡಿದ ಎರಡನೆಯ ತಪ್ಪು.

ಊರು ಎರಡು ಹೋಳಾಯಿತು. ‘ರಟ್ಲೆಂಡ್ ಫಸ್ಟ್’ ಎಂಬ ಗುಂಪು ವಿರೋಧಕ್ಕೆ ನಿಂತರೆ ‘ರಟ್ಲೆಂಡ್ ವೆಲ್ಕಮ್ಸ್’ ಎಂಬ ಗುಂಪು ಸ್ವಾಗತಕ್ಕೆ ಸಜ್ಜಾಯಿತು. ಎರಡನೆಯ ಗುಂಪಿನವರು ಹಾಸಿಗೆ, ಪಾತ್ರೆ, ಮಕ್ಕಳ ಬಟ್ಟೆ ಸಂಗ್ರಹಿಸಿದರು. ಬರುವವರೊಡನೆ ನಾಲ್ಕು ಮಾತನಾಡಲೆಂದು ಅರೇಬಿಕ್ ತರಗತಿಗಳಿಗೆ ಹೋಗಿ ಕುಳಿತರು. ನಗರಸಭೆ ಮಾತ್ರ ಬೆಂಬಲ ಪತ್ರ ಕೊಡಲು ಮುಂದಾಗಲಿಲ್ಲ. ಆದರೂ ಅಮೆರಿಕದ ವಿದೇಶಾಂಗ ಇಲಾಖೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಮುದ್ರೆ ಒತ್ತಿತು.

ಮೊದಲ ಕುಟುಂಬಗಳು ರಟ್ಲೆಂಡ್ ತಲುಪಿದ್ದು 2017ರ ಜನವರಿಯಲ್ಲಿ. ಅದೇ ತಿಂಗಳ 27ರಂದು, ಅಧಿಕಾರ ವಹಿಸಿಕೊಂಡು ವಾರ ಕಳೆಯುವಷ್ಟರಲ್ಲಿ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಸಿರಿಯಾ ನಿರಾಶ್ರಿತರ ಪ್ರವೇಶವನ್ನು ಅನಿರ್ದಿಷ್ಟ ಕಾಲ ತಡೆಯುವ ಆದೇಶಕ್ಕೆ ಸಹಿ ಹಾಕಿದರು. ಮಾರ್ಚ್‌ನಲ್ಲಿ ನಡೆದ ಮೇಯರ್ ಚುನಾವಣೆಯಲ್ಲಿ ನಗರಸಭೆಯ ಹಿರಿಯ ಸದಸ್ಯ ಡೇವಿಡ್ ಅಲೇರ್ ಎದುರು ಲೂರಾಸ್ ಸೋತರು. ಹತ್ತು ವರ್ಷ ಊರನ್ನಾಳಿದವರ ಸೋಲಿಗೆ ಕಾರಣಗಳು ಹಲವಿರಬಹುದು. ಚುನಾವಣೆಯುದ್ದಕ್ಕೂ ಊರು ಮಾತನಾಡಿದ್ದು ಒಂದೇ ವಿಷಯ. ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂಬ ಗಾದೆ ಇಲ್ಲಿ ತಿರುವುಮುರುವಾಯಿತು. ಪೂಜಾರಿ ವರ ಕೊಟ್ಟಿದ್ದ, ದೇವರು ಕೊಡಲಿಲ್ಲ.

ಅಮೆರಿಕದ ಕಾನೂನಿನಲ್ಲಿ ಊರೊಂದಕ್ಕೆ ವಿದೇಶಿಯರನ್ನು ಆಹ್ವಾನಿಸುವ ಅಧಿಕಾರವೇ ಇಲ್ಲ. 1980ರ ನಿರಾಶ್ರಿತರ ಕಾಯ್ದೆಯಂತೆ ವರ್ಷಕ್ಕೆ ಎಷ್ಟು ನಿರಾಶ್ರಿತರನ್ನು ಬಿಟ್ಟುಕೊಳ್ಳಬೇಕು ಎಂಬುದನ್ನು ಅಧ್ಯಕ್ಷರು ನಿರ್ಧರಿಸುತ್ತಾರೆ. ಯಾರನ್ನು ಯಾವ ಊರಿಗೆ ಕಳಿಸಬೇಕು ಎಂಬುದನ್ನು ವಿದೇಶಾಂಗ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡ ಕೆಲವು ಸ್ವಯಂಸೇವಾ ಸಂಸ್ಥೆಗಳು ಹಂಚಿಕೊಳ್ಳುತ್ತವೆ. ಸ್ಥಳೀಯ ಆಡಳಿತದೊಂದಿಗೆ ‘ಸಮಾಲೋಚನೆ’ ನಡೆಸಬೇಕು ಎಂದಷ್ಟೇ ಕಾಯ್ದೆ ಹೇಳುತ್ತದೆ. ಬಂದವರಿಗೆ ಮೊದಲ ತೊಂಬತ್ತು ದಿನಗಳ ಮಟ್ಟಿಗೆ ಅಲ್ಪಸ್ವಲ್ಪ ನೆರವು ದೊರೆಯುತ್ತದೆ. ವಿಮಾನದ ಟಿಕೆಟ್ಟಿನ ಹಣವೂ ಸಾಲ, ದುಡಿದು ತೀರಿಸಬೇಕು.

ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದಿದೆ. ಬಂದಿಳಿದ ಮೇಲೆ ನಿರಾಶ್ರಿತನು ಸ್ವತಂತ್ರ. ಗೊತ್ತುಮಾಡಿದ ಊರು ಹಿಡಿಸದಿದ್ದರೆ ಮರುದಿನವೇ ಗಂಟುಮೂಟೆ ಕಟ್ಟಿ ತನ್ನವರು ಇರುವ ಊರಿಗೆ ಹೊರಡಬಹುದು, ಯಾರೂ ತಡೆಯುವಂತಿಲ್ಲ. ಜನರನ್ನು ಕರೆತಂದು ಊರು ತುಂಬಿಸುವ ಯೋಜನೆಗಳೆಲ್ಲ ಎಡವುವುದು ಈ ಕಲ್ಲಿಗೇ.

ಊರಿನ ಒಪ್ಪಿಗೆಯನ್ನು ಕಡ್ಡಾಯಗೊಳಿಸುವ ಯತ್ನವೂ ನಡೆಯದೇ ಇಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊರಡಿಸಿದ ಆದೇಶದ ಪ್ರಕಾರ ರಾಜ್ಯ ಮತ್ತು ಸ್ಥಳೀಯ ಆಡಳಿತ ಎರಡೂ ಲಿಖಿತ ಒಪ್ಪಿಗೆ ನೀಡಿದ ಕಡೆ ಮಾತ್ರ ನಿರಾಶ್ರಿತರನ್ನು ಕಳಿಸಬೇಕಾಗಿತ್ತು. ಬಾಗಿಲು ಮುಚ್ಚಲೆಂದು ಹೊರಡಿಸಿದ ಆದೇಶ ಎಂದೇ ಅನೇಕರು ಭಾವಿಸಿದ್ದರು. ಆದರೆ ರಿಪಬ್ಲಿಕನ್ ಪಕ್ಷದವರೇ ಆದ ಯೂಟಾ ಗವರ್ನರ್ ಗ್ಯಾರಿ ಹರ್ಬರ್ಟ್ ಇನ್ನೂ ಹೆಚ್ಚು ಜನರನ್ನು ಕಳಿಸಿಕೊಡಿ ಎಂದು ಪತ್ರ ಬರೆದರು. ನಾರ್ತ್ ಡಕೋಟದ ಬರ್ಲೀ ಕೌಂಟಿ ಡಿಸೆಂಬರ್‌ನಲ್ಲಿ ಸುದೀರ್ಘ ಚರ್ಚೆಯ ಬಳಿಕ 3–2 ಮತಗಳಿಂದ ಒಪ್ಪಿಗೆ ನೀಡಿತು. ಅದೂ ವರ್ಷಕ್ಕೆ 25 ಮಂದಿ ಎಂಬ ಮಿತಿಯೊಂದಿಗೆ. ಸಾರಾಸಗಟಾಗಿ ಒಲ್ಲೆನೆಂದ ಗವರ್ನರ್ ಟೆಕ್ಸಾಸ್‌ನ ಗ್ರೆಗ್ ಅಬಟ್. 2020ರ ಜನವರಿಯಲ್ಲಿ ನ್ಯಾಯಾಲಯ ಆ ಆದೇಶಕ್ಕೆ ತಡೆ ನೀಡಿತು, ಮರುವರ್ಷ ಜೋ ಬೈಡನ್ ಅದನ್ನು ರದ್ದುಪಡಿಸಿದರು. ಕೇಳಿದಾಗ ಊರುಗಳು ‘ಬೇಡ’ ಎನ್ನುವುದಕ್ಕಿಂತ ‘ಆಗಲಿ’ ಎಂದದ್ದೇ ಹೆಚ್ಚು ಎಂಬುದನ್ನು ಗಮನಿಸಬೇಕು. ರಟ್ಲೆಂಡ್‌ನಲ್ಲಿ ಮೊದಲೇ ಕೇಳಿದ್ದರೆ ಏನಾಗುತ್ತಿತ್ತೋ.

ಐವತ್ತು ಸಾವಿರದ ಕನಸು

ಇಂಥ ಆಹ್ವಾನದ ಅತಿ ದೊಡ್ಡ ನಕ್ಷೆ ತಯಾರಾದದ್ದು ಸಣ್ಣ ಊರಿಗಲ್ಲ, ಸಣ್ಣದಾಗುತ್ತಿದ್ದ ದೊಡ್ಡ ಊರಿಗೆ. ಡೆಟ್ರಾಯಿಟ್‌ನ ಜನಸಂಖ್ಯೆ 1950ರಲ್ಲಿ ಹದಿನೆಂಟೂವರೆ ಲಕ್ಷದಷ್ಟಿತ್ತು. 2010ರಲ್ಲಿ ಅದು 7,13,777. 2013ರಲ್ಲಿ ನಗರಾಡಳಿತ ದಿವಾಳಿ ಅರ್ಜಿ ಹಾಕಿತು. ಮಿಶಿಗನ್‌ನ ಅಂದಿನ ಗವರ್ನರ್ ರಿಕ್ ಸ್ನೈಡರ್ 2014ರ ಜನವರಿಯಲ್ಲಿ, ಐದು ವರ್ಷಗಳಲ್ಲಿ 50,000 ವಲಸೆ ವೀಸಾಗಳನ್ನು ಡೆಟ್ರಾಯಿಟ್‌ಗೆಂದೇ ಮೀಸಲಿಡಿ ಎಂದು ಕೇಂದ್ರ ಸರ್ಕಾರವನ್ನು ಕೋರಿದರು. ಅವರ ಕಣ್ಣಿದ್ದದ್ದು ಉನ್ನತ ಪದವಿ ಪಡೆದ ತಂತ್ರಜ್ಞರ ಮೇಲೆ. ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತ ಭಾರತೀಯ ಎಂಜಿನಿಯರುಗಳಿಗೂ ಇದು ಆಸೆ ಹುಟ್ಟಿಸುವ ಮಾತೇ ಆಗಿತ್ತು. ಆದರೆ ‘ಪಂಪ ಕನ್ನಡ ಕೂಟ’ ಕಟ್ಟಿಕೊಂಡ ಡೆಟ್ರಾಯಿಟ್ ಸೀಮೆಯ ಕನ್ನಡಿಗರನ್ನೇ ನೋಡಿ: ಅವರಲ್ಲಿ ಹೆಚ್ಚಿನವರ ವಾಸ ಟ್ರಾಯ್, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್‌ನಂಥ ಹೊರವಲಯದ ಅನುಕೂಲಸ್ಥ ಪಟ್ಟಣಗಳಲ್ಲಿ. ಒಳ್ಳೆಯ ಸಂಬಳ ತರುವ ವಲಸಿಗ ಹಾಳುಬಿದ್ದ ಬೀದಿಯಲ್ಲಿ ಮನೆ ಹುಡುಕುವುದಿಲ್ಲ. ಅದಕ್ಕೆ ಬೇರೆಯೇ ಬಗೆಯ ವಲಸಿಗ ಬೇಕು.

ಆ ಬೇರೆ ಬಗೆಯ ವಲಸಿಗನ ಹೆಸರನ್ನು ಹೇಳಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರಜ್ಞ ಡೇವಿಡ್ ಲೇಟಿನ್ ಮತ್ತು ವಸತಿ ಯೋಜನಾ ತಜ್ಞ ಮಾರ್ಕ್ ಜಾರ್. 2015ರ ಮೇ ತಿಂಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ಅವರು, 50,000 ಸಿರಿಯಾ ನಿರಾಶ್ರಿತರನ್ನು ಡೆಟ್ರಾಯಿಟ್‌ನಲ್ಲಿ ನೆಲೆಗೊಳಿಸಬೇಕೆಂದು ಸೂಚಿಸಿದರು. ಪಕ್ಕದಲ್ಲೇ ಗಟ್ಟಿಯಾಗಿ ಬೇರೂರಿದ ಅರಬ್ ಸಮುದಾಯವಿದೆ, ಖಾಲಿ ಮನೆಗಳಿವೆ, ಸಿರಿಯನ್ನರಿಗೆ ವ್ಯಾಪಾರದ ಕಸುಬಿದೆ ಎಂಬುದು ವಾದದ ತಿರುಳು. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇತ್ತು. ಆರು ತಿಂಗಳಲ್ಲಿ ಪ್ಯಾರಿಸ್‌ನಲ್ಲಿ ಭಯೋತ್ಪಾದಕ ದಾಳಿ ನಡೆಯಿತು. ವಲಸಿಗರ ಪಾಲಿನ ಮಿತ್ರನೆನಿಸಿದ್ದ ಅದೇ ಸ್ನೈಡರ್, ಸಿರಿಯನ್ನರನ್ನು ಬರಮಾಡಿಕೊಳ್ಳುವ ತಮ್ಮ ಪ್ರಯತ್ನವನ್ನು ನಿಲ್ಲಿಸಿರುವುದಾಗಿ ಮೊದಲಿಗರಾಗಿ ಘೋಷಿಸಿದರು. ಹಿಂದೆಯೇ ಮೂವತ್ತಕ್ಕೂ ಹೆಚ್ಚು ಗವರ್ನರುಗಳು ಸಾಲುಗಟ್ಟಿದರು.

ವಿಚಿತ್ರವೆಂದರೆ ಮರುವರ್ಷ ಅತಿ ಹೆಚ್ಚು ಸಿರಿಯನ್ನರು ನೆಲೆಸಿದ ರಾಜ್ಯಗಳ ಮುಂಚೂಣಿಯಲ್ಲಿ ಮಿಶಿಗನ್ ಇತ್ತು. ಗವರ್ನರ್ ಬೇಡವೆಂದರೂ ಬಂಧುಗಳು ಬೇಕೆಂದಿದ್ದರು.

ಬೇಡವೆಂದ ಊರಿಗೆ ಜನ ಬಂದ ಇನ್ನೊಂದು ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಮೇನ್ ರಾಜ್ಯದ ಲೂಯಿಸ್ಟನ್ ಕೂಡ ರಟ್ಲೆಂಡ್‌ನಂತೆಯೇ ಕಾರ್ಖಾನೆಗಳು ಮುಚ್ಚಿ ಸೊರಗಿದ್ದ ಊರು. 2001ರಿಂದ ಅಲ್ಲಿಗೆ ಸೋಮಾಲಿಯನ್ನರು ತಾವಾಗಿಯೇ ಬರತೊಡಗಿದರು (ಇವರು ಅರಬ್ಬರಲ್ಲ, ಆದರೆ ಅದೇ ಧರ್ಮದವರು, ಅಷ್ಟೇ ಅಪರಿಚಿತರು). ಬಾಡಿಗೆ ಕಡಿಮೆ, ಮಕ್ಕಳಿಗೆ ಸುರಕ್ಷಿತ ಎಂಬುದೇ ಸೆಳೆತ. 2002ರ ಅಕ್ಟೋಬರ್‌ನಲ್ಲಿ ಅಲ್ಲಿನ ಮೇಯರ್ ಬಹಿರಂಗ ಪತ್ರ ಬರೆದು, ನಮ್ಮ ಶಕ್ತಿ ಮೀರಿದೆ, ಇನ್ನು ಬರುವುದನ್ನು ನಿಮ್ಮವರೇ ತಗ್ಗಿಸಲಿ ಎಂದು ಕೋರಿದರು. ಬರುವುದು ನಿಲ್ಲಲಿಲ್ಲ. ಪತ್ರದ ಬೆನ್ನಲ್ಲೇ ಬಿಳಿಯ ಜನಾಂಗವಾದಿಗಳು 2003ರ ಜನವರಿಯಲ್ಲಿ ಸಭೆ ಸೇರಿದಾಗ ಅಲ್ಲಿದ್ದವರು ಮೂರ್ನಾಲ್ಕು ಡಜನ್ ಜನ. ಅವರನ್ನು ವಿರೋಧಿಸಿ ಅದೇ ದಿನ ಸೇರಿದವರು ನಾಲ್ಕು ಸಾವಿರಕ್ಕೂ ಹೆಚ್ಚು.

ಗಂಟು ಹೊತ್ತು ಬಂದವರು

ಅರಬ್ಬರು ಅಮೆರಿಕದ ಸಣ್ಣ ಊರುಗಳಿಗೆ ಹೊಸಬರೇನಲ್ಲ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಇಂದಿನ ಲೆಬನಾನ್ ಮತ್ತು ಸಿರಿಯಾದಿಂದ ಬಂದವರು ಬೆನ್ನ ಮೇಲೆ ಸರಕಿನ ಗಂಟು ಹೊತ್ತು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದರು. ಸೂಜಿ, ದಾರ, ಗುಂಡಿ, ಲೇಸು, ಜಪಮಾಲೆ ಮಾರುವುದು ಕಸುಬು. ಆಟೊಮನ್ ಸಾಮ್ರಾಜ್ಯದ ಪ್ರಜೆಗಳಾದ ಕಾರಣ ದಾಖಲೆಗಳಲ್ಲಿ ಇವರು ‘ತುರ್ಕರು’. ಹೆಚ್ಚಿನವರು ಕ್ರೈಸ್ತರು. ಕಾಸು ಕೂಡಿದ ಮೇಲೆ ಸಣ್ಣ ಅಂಗಡಿ, ಆಮೇಲೆ ಊರಿನಿಂದ ತಮ್ಮ, ಭಾವಮೈದ, ನೆರೆಮನೆಯವನು. ಅಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿ ಇಂಥವರೇ 1934ರಲ್ಲಿ ಕಟ್ಟಿದ ಮಸೀದಿ ಇಂದಿಗೂ ಇದೆ. ಅಮೆರಿಕದಲ್ಲಿ ಮಸೀದಿಯೆಂದೇ ಕಟ್ಟಿ ಉಳಿದಿರುವ ಕಟ್ಟಡಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಪ್ರಸಿದ್ಧಿ. ಜೋಳದ ಹೊಲಗಳ ನಡುವಿನ ಆ ಊರಿಗೆ ಅವರನ್ನು ಕರೆದವರು ಯಾರೂ ಇಲ್ಲ.

ಎರಡನೆಯ ಸೆಳೆತ ಮೋಟಾರು ಕಾರಿನದು. ಹೆನ್ರಿ ಫೋರ್ಡ್ 1914ರಲ್ಲಿ ದಿನಕ್ಕೆ ಐದು ಡಾಲರ್ ಕೂಲಿ ಘೋಷಿಸಿದ ಸುದ್ದಿ ಭೂಮಧ್ಯ ಸಮುದ್ರದ ದಂಡೆಯವರೆಗೂ ಮುಟ್ಟಿತು. ಹಡಗಿನಲ್ಲಿ ಬಂದ ಯೆಮೆನ್ ನಾವಿಕನೊಬ್ಬನಿಗೆ ಸ್ವತಃ ಫೋರ್ಡ್ ಕೆಲಸ ಕೊಡುವೆನೆಂದು ಹೇಳಿದ್ದನಂತೆ ಎಂಬ ಕಥೆಯೊಂದು ಮಿಶಿಗನ್‌ನ ಅರಬ್ಬರಲ್ಲಿ ಪ್ರಚಲಿತ. ಕಥೆ ನಿಜವೋ ಸುಳ್ಳೋ, ಕರೆಯದೆ ಬಂದವರು ಕರೆಸಿಕೊಂಡು ಬಂದೆವೆಂದು ಹೇಳಿಕೊಳ್ಳಬಯಸುವುದು ಸಹಜ.

ಫೋರ್ಡ್‌ನ ಬೃಹತ್ ರೂಜ್ ಕಾರ್ಖಾನೆ ಇದ್ದದ್ದು ಡಿಯರ್‌ಬಾರ್ನ್‌ನಲ್ಲಿ. ಕಾರ್ಖಾನೆಯ ಹೊಗೆಯ ನೆರಳಲ್ಲೇ ಅರಬ್ ಕಾರ್ಮಿಕರ ಕೇರಿ ಬೆಳೆಯಿತು. 1942ರಿಂದ ಮೂರೂವರೆ ದಶಕ ಮೇಯರ್ ಆಗಿದ್ದ ಆರ್ವಿಲ್ ಹಬರ್ಡ್ ಕರಿಯರನ್ನು ಊರೊಳಗೆ ಬಿಟ್ಟುಕೊಳ್ಳದ ಪ್ರತ್ಯೇಕತಾವಾದಿ ಎಂದೇ ಕುಖ್ಯಾತ. ಆತನ ಆಡಳಿತ ಈ ಕೇರಿಯನ್ನು ಕಾರ್ಖಾನೆಗಳಿಗೆಂದು ಬಿಡಿಬಿಡಿಯಾಗಿ ಕೊಂಡು ಕೆಡವತೊಡಗಿತ್ತು. ನಿವಾಸಿಗಳು 1971ರಲ್ಲಿ ಮೊಕದ್ದಮೆ ಹೂಡಿದರು, 1973ರಲ್ಲಿ ಗೆದ್ದರು. ಅದೇ ಹೊತ್ತಿಗೆ ಕೇರಿಯ ಒಂದು ಮಳಿಗೆಯಲ್ಲಿ ‘ಆಕ್ಸೆಸ್’ ಎಂಬ ಸೇವಾ ಸಂಸ್ಥೆ ತಲೆಯೆತ್ತಿತು. ಇಂದು ಅದು ಅಮೆರಿಕದ ಅರಬ್ ಸಂಸ್ಥೆಗಳಲ್ಲೇ ದೊಡ್ಡದು. 1975ರಲ್ಲಿ ಲೆಬನಾನ್‌ನಲ್ಲಿ ಅಂತರ್ಯುದ್ಧ ಹೊತ್ತಿಕೊಂಡ ಮೇಲೆ ದಕ್ಷಿಣ ಲೆಬನಾನ್‌ನ ಊರೂರುಗಳೇ ಇತ್ತ ಬಂದವು. ಮಂಕುಬಡಿದಿದ್ದ ವಾರನ್ ಅವೆನ್ಯೂ ಬೀದಿಯಲ್ಲಿ ರೊಟ್ಟಿ ಭಟ್ಟಿಗಳು, ಮಿಠಾಯಿ ಅಂಗಡಿಗಳು ತೆರೆದವು.

ಆಗಲೂ ಸ್ವಾಗತದ ಮಾತಿರಲಿಲ್ಲ. 1985ರ ಮೇಯರ್ ಚುನಾವಣೆಯಲ್ಲಿ ಮೈಕೆಲ್ ಗೀಡೊ ಎಂಬ ಅಭ್ಯರ್ಥಿ ‘ಅರಬ್ ಸಮಸ್ಯೆ’ಯನ್ನೇ ತಲೆಬರಹದಲ್ಲಿಟ್ಟು ಕರಪತ್ರ ಹಂಚಿ ಗೆದ್ದರು. 2006ರಲ್ಲಿ ಸಾಯುವವರೆಗೂ ಅಧಿಕಾರದಲ್ಲಿದ್ದರು. ಕ್ರಮೇಣ ಅರಬ್ ಮತದಾರರ ಅಂಗಳಕ್ಕೂ ಹೋಗಬೇಕಾಯಿತು ಎಂಬುದು ಬೇರೆ ಮಾತು. 2020ರ ಜನಗಣತಿಯಲ್ಲಿ ಡಿಯರ್‌ಬಾರ್ನ್‌ನ ಸುಮಾರು 1,10,000 ನಿವಾಸಿಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮದು ಪಶ್ಚಿಮ ಏಷ್ಯಾ ಅಥವಾ ಉತ್ತರ ಆಫ್ರಿಕಾ ಮೂಲ ಎಂದು ಬರೆಸಿದರು. 2021ರಲ್ಲಿ ಲೆಬನಾನ್ ಮೂಲದ ಅಬ್ದುಲ್ಲಾ ಹಮ್ಮೂದ್ ಮೇಯರ್ ಆಗಿ ಆಯ್ಕೆಯಾದರು, 2025ರ ನವೆಂಬರ್‌ನಲ್ಲಿ ಪುನರಾಯ್ಕೆಗೊಂಡರು.

ಪೋಲಿಷ್ ಊರಿನ ಬಾಂಗು

ಡಿಯರ್‌ಬಾರ್ನ್ ಸಣ್ಣ ಊರೆನಿಸಲಾರದು. ಸಣ್ಣ ಊರಿನ ಪಾಠವನ್ನು ಕಲಿಯಬೇಕಾದರೆ ಹತ್ತಿರದ ಹ್ಯಾಮ್‌ಟ್ರಾಮಿಕ್‌ಗೆ ಹೋಗಬೇಕು. ಹೆಚ್ಚೂಕಡಿಮೆ ನಾಲ್ಕೂ ಸುತ್ತ ಡೆಟ್ರಾಯಿಟ್‌ನಿಂದ ಆವೃತವಾದ, ಐದೂವರೆ ಚದರ ಕಿಲೋಮೀಟರ್ ಕೂಡ ಇಲ್ಲದ ನಗರ. 1910ರಲ್ಲಿ ಡಾಜ್ ಸಹೋದರರು ಇಲ್ಲಿ ಕಾರ್ಖಾನೆ ತೆರೆದಾಗ ಜನಸಂಖ್ಯೆ 3,559. ಹತ್ತೇ ವರ್ಷದಲ್ಲಿ 48,615. ಬಂದವರಲ್ಲಿ ಹೆಚ್ಚಿನವರು ಪೋಲೆಂಡ್‌ನವರು. ಪೋಪ್ ಎರಡನೆಯ ಜಾನ್ ಪಾಲ್ 1987ರಲ್ಲಿ ಭೇಟಿ ನೀಡುವಷ್ಟು ಪೋಲಿಷ್ ಆದ ಊರು ಇದು.

ಡಾಜ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅದೇ ಜಾಗಕ್ಕೆ ಪಕ್ಕದ ಡೆಟ್ರಾಯಿಟ್‌ನ ಪೋಲಿಷ್ ಕೇರಿಯನ್ನೂ ಸೇರಿಸಿ, ಸುಮಾರು 4,200 ಜನರನ್ನು ಎತ್ತಂಗಡಿ ಮಾಡಿ, ಜನರಲ್ ಮೋಟಾರ್ಸ್‌ಗೆ ಹೊಸ ಕಾರ್ಖಾನೆ ಕಟ್ಟಲು ಕೊಡಲಾಯಿತು. ಕಾರ್ಖಾನೆಯನ್ನು ಕರೆಯಲು ಊರುಗಳು ಎಷ್ಟು ದೂರ ಹೋಗುತ್ತವೆ ಎಂಬುದಕ್ಕೆ ಇದೊಂದು ನಿದರ್ಶನ. ಜನರನ್ನು ಕರೆಯುವಾಗ ಮಾತ್ರ ಅಷ್ಟು ಉದಾರವಾಗುವುದಿಲ್ಲ. ಕಾರ್ಖಾನೆ ಬಂದರೂ ಊರು ಚೇತರಿಸಿಕೊಳ್ಳಲಿಲ್ಲ. ಖಜಾನೆ ಬರಿದಾಗಿ 2000ದಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ರಾಜ್ಯ ಸರ್ಕಾರವೇ ಆಡಳಿತಗಾರರನ್ನು ನೇಮಿಸಬೇಕಾಯಿತು.

ಪೋಲಿಷ್ ಮಕ್ಕಳು ಹೊರವಲಯಗಳಿಗೆ ತೆರಳಿದಂತೆ ಅಗ್ಗವಾದ ಮರದ ಮನೆಗಳಿಗೆ ಯೆಮೆನ್‌ನವರು ಬಂದರು. ಕಾರಿನ ಕಾರ್ಖಾನೆಗಳಲ್ಲಿ, ಮಹಾ ಸರೋವರಗಳ ಸರಕು ಹಡಗುಗಳಲ್ಲಿ ದುಡಿಯುತ್ತಿದ್ದ ಒಂಟಿ ಗಂಡಸರು ಮೊದಲು, ಅವರ ಹೆಂಡತಿ ಮಕ್ಕಳು ಆಮೇಲೆ. ನ್ಯೂಯಾರ್ಕ್‌ನ ಬಾಡಿಗೆ ಭರಿಸಲಾಗದ ಬಾಂಗ್ಲಾದೇಶೀಯರೂ ಬಂದರು. ಅಂಗಡಿಗಳ ಬೋರ್ಡು ಬದಲಾಯಿತು. 2010ರಲ್ಲಿ 22,423 ಇದ್ದ ಜನಸಂಖ್ಯೆ 2020ರಲ್ಲಿ 28,433 ತಲುಪಿತು. ಸುತ್ತಲಿನ ಡೆಟ್ರಾಯಿಟ್ ಕುಗ್ಗುತ್ತಿದ್ದ ಅದೇ ದಶಕದಲ್ಲಿ ಈ ಪುಟ್ಟ ಊರು ಕಾಲುಭಾಗಕ್ಕಿಂತ ಹೆಚ್ಚು ಬೆಳೆದಿತ್ತು. ರಟ್ಲೆಂಡ್‌ನ ಮೇಯರ್ ಕನಸಿನಲ್ಲಿ ಕಂಡದ್ದು ಇದನ್ನೇ.

ಕನಸು ಅಲ್ಲಿಗೇ ಮುಗಿಯುವುದಿಲ್ಲ. ಬಂದವರು ಕೇವಲ ಬಾಡಿಗೆದಾರರಾಗಿ, ಕಾರ್ಮಿಕರಾಗಿ ಉಳಿಯುವುದಿಲ್ಲ, ಮತದಾರರಾಗುತ್ತಾರೆ. 2004ರಲ್ಲಿ ಮಸೀದಿಯೊಂದು ಧ್ವನಿವರ್ಧಕದಲ್ಲಿ ಬಾಂಗು ಕೂಗಲು ಅನುಮತಿ ಕೇಳಿದಾಗ ಊರು ಅಲ್ಲಾಡಿತು. ಚರ್ಚಿನ ಗಂಟೆ ದಿನವೂ ಬಾರಿಸುವಾಗ ಬಾಂಗಿಗೆ ಅಡ್ಡಿಯೇಕೆ ಎಂಬ ವಾದಕ್ಕೆ ಉತ್ತರ ಸುಲಭವಿರಲಿಲ್ಲ. ಜುಲೈನಲ್ಲಿ ನಡೆದ ಜನಮತ ಗಣನೆಯಲ್ಲಿ ನಗರಸಭೆಯ ಅನುಮತಿಯನ್ನು ಮತದಾರರು ಎತ್ತಿಹಿಡಿದರು. 2015ರಲ್ಲಿ ನಗರಸಭೆಯ ಆರು ಸ್ಥಾನಗಳಲ್ಲಿ ನಾಲ್ಕು ಮುಸ್ಲಿಮರ ಪಾಲಾದವು. 2021ರ ನವೆಂಬರ್‌ನಲ್ಲಿ ಯೆಮೆನ್‌ನಲ್ಲಿ ಹುಟ್ಟಿ ಹದಿಹರೆಯದಲ್ಲಿ ಅಮೆರಿಕಕ್ಕೆ ಬಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದಿದ್ದ ಅಮೇರ್ ಘಾಲಿಬ್, ಹದಿನಾರು ವರ್ಷ ಮೇಯರ್ ಆಗಿದ್ದ ಕ್ಯಾರೆನ್ ಮಯೆಫ್ಸ್ಕಿ ಅವರನ್ನು ಸೋಲಿಸಿದರು. ನೂರು ವರ್ಷಗಳ ಪೋಲಿಷ್ ಮೇಯರ್ ಪರಂಪರೆ ಅಲ್ಲಿಗೆ ಮುಗಿಯಿತು. 2022ರ ಜನವರಿಯಲ್ಲಿ ಅಧಿಕಾರ ವಹಿಸಿಕೊಂಡ ನಗರಸಭೆಯ ಎಲ್ಲ ಸದಸ್ಯರೂ ಮುಸ್ಲಿಮರು.

ಉದಾರವಾದಿಗಳಿಗೆ ಇದು ಸಂಭ್ರಮದ ಗಳಿಗೆ. ವಲಸಿಗರ ಪರ, ಬಾಂಗಿನ ಪರ ನಿಂತವರು ಅವರೇ. 2021ರಲ್ಲಿ ಸಲಿಂಗಿಗಳ ಹಕ್ಕಿನ ಕಾಮನಬಿಲ್ಲಿನ ಬಾವುಟವನ್ನು ನಗರಸಭೆಯ ಕಂಬದಲ್ಲಿ ಹಾರಿಸುವ ವಿಚಾರ ಬಂದು ಮತಗಳು ಸಮನಾಗಿ ಒಡೆದಾಗ, ಮಯೆಫ್ಸ್ಕಿ ತಮ್ಮ ನಿರ್ಣಾಯಕ ಮತವನ್ನು ಬಾವುಟದ ಪರ ಹಾಕಿದ್ದರು. 2023ರ ಜೂನ್‌ನಲ್ಲಿ ಹೊಸ ನಗರಸಭೆ ಸರ್ವಾನುಮತದಿಂದ ಅದನ್ನು ಸಾರ್ವಜನಿಕ ಸ್ಥಳಗಳಲ್ಲಿ ಹಾರಿಸದಂತೆ ನಿರ್ಬಂಧಿಸಿತು. ರಾಷ್ಟ್ರ, ರಾಜ್ಯ, ನಗರದ ಬಾವುಟಗಳು ಮತ್ತು ನಿವಾಸಿಗಳ ಮೂಲ ದೇಶಗಳ ಬಾವುಟಗಳಿಗೆ ಮಾತ್ರ ಅವಕಾಶ. ತಟಸ್ಥತೆ ಎಂದು ಸದಸ್ಯರು ಸಮರ್ಥಿಸಿಕೊಂಡರು. ಮೋಸಹೋದೆವು ಎಂದು ಹಳೆಯ ಮಿತ್ರರು ಹೇಳಿದರು.

ಮೋಸ ಎಂಬ ಮಾತು ಪರಿಶೀಲನೆಗೆ ಅರ್ಹ. ಯೆಮೆನ್‌ನ ಸಂಪ್ರದಾಯಸ್ಥ ಮುಸ್ಲಿಮನಾಗಲಿ, ನೂರು ವರ್ಷ ಹಿಂದೆ ಬಂದ ಪೋಲೆಂಡ್‌ನ ಕ್ಯಾಥೊಲಿಕ್ ರೈತನಾಗಲಿ ತನ್ನ ನಂಬಿಕೆಗಳನ್ನು ಬಂದರಿನಲ್ಲಿ ಬಿಟ್ಟು ಬಂದಿರಲಿಲ್ಲ, ಹಾಗೆಂದು ಮಾತು ಕೊಟ್ಟಿರಲೂ ಇಲ್ಲ. ಆತ ತಮ್ಮಂತೆಯೇ ಯೋಚಿಸುತ್ತಾನೆ ಎಂದು ಊಹಿಸಿದ್ದು ಆತಿಥೇಯರು. ಆದರೆ ಇದರ ಬೆಲೆ ತೆತ್ತವರು ಆ ಊಹೆ ಮಾಡಿದವರಷ್ಟೇ ಅಲ್ಲ ಎಂಬುದನ್ನೂ ಮರೆಯುವಂತಿಲ್ಲ. ಬೇರೆಲ್ಲೂ ನೆಲೆ ಸಿಗದೆ ಹ್ಯಾಮ್‌ಟ್ರಾಮಿಕ್‌ನ ಅಗ್ಗದ ಮನೆಗಳನ್ನು ಅರಸಿ ಬಂದ ಸಲಿಂಗಿಗಳೂ ಆ ಊರಿನವರೇ. ಬಹುಮತ ಕೈಗೆ ಬಂದಾಗ ಅಲ್ಪಸಂಖ್ಯಾತನ ನೆನಪು ಎಷ್ಟು ಬೇಗ ಮಾಸುತ್ತದೆ ಎಂಬ ಪ್ರಶ್ನೆಯನ್ನು ಯಾರಾದರೂ ಕೇಳಿದರೆ ಆ ನಗರಸಭೆ ಉತ್ತರಿಸಬೇಕಾಗುತ್ತದೆ.

ಮುಚ್ಚಿದ ಹಾದಿ

ಕಥೆಯ ಮುಂದಿನ ತಿರುವು ಇನ್ನೂ ಅನಿರೀಕ್ಷಿತ. ಗಾಜಾ ಯುದ್ಧದಲ್ಲಿ ಬೈಡನ್ ಸರ್ಕಾರ ಇಸ್ರೇಲ್ ಪರ ನಿಂತ ಬಗ್ಗೆ ಕುದಿಯುತ್ತಿದ್ದ ಮಿಶಿಗನ್‌ನ ಅರಬ್ಬರು ಡೆಮಾಕ್ರಟಿಕ್ ಪಕ್ಷಕ್ಕೆ ಬೆನ್ನು ತಿರುಗಿಸಿದರು. 2024ರ ಸೆಪ್ಟೆಂಬರ್‌ನಲ್ಲಿ ಘಾಲಿಬ್ ಬಹಿರಂಗವಾಗಿ ಟ್ರಂಪ್‌ಗೆ ಬೆಂಬಲ ಘೋಷಿಸಿದರು. 2017ರಲ್ಲಿ ಟ್ರಂಪ್ ಹೊರಡಿಸಿದ್ದ ಪ್ರಯಾಣ ನಿಷೇಧದ ಪಟ್ಟಿಯಲ್ಲಿ ಯೆಮೆನ್ ಇತ್ತು. 2021ರಲ್ಲಿ ಬೈಡನ್ ರದ್ದುಪಡಿಸುವವರೆಗೆ ಎಷ್ಟೋ ಯೆಮೆನ್ ಕುಟುಂಬಗಳು ಒಡೆದುಹೋಗಿದ್ದವು. ಆದರೂ ನವೆಂಬರ್‌ನ ಚುನಾವಣೆಯಲ್ಲಿ ಡಿಯರ್‌ಬಾರ್ನ್‌ನಲ್ಲಿ ಟ್ರಂಪ್ ಮೊದಲ ಸ್ಥಾನ ಪಡೆದರು. ಹ್ಯಾಮ್‌ಟ್ರಾಮಿಕ್‌ನಲ್ಲಿ ಅಲ್ಪ ಅಂತರದಲ್ಲಿ ಹಿಂದೆ ಬಿದ್ದರು.

ಪ್ರತಿಫಲ ಬೇಗನೆ ಬಂತು. 2025ರ ಮಾರ್ಚ್‌ನಲ್ಲಿ ಘಾಲಿಬ್ ಅವರನ್ನು ಕುವೈತ್ ರಾಯಭಾರಿ ಹುದ್ದೆಗೆ ಟ್ರಂಪ್ ಹೆಸರಿಸಿದರು. ಆ ಸಾಲಿನ ಅಕ್ಟೋಬರ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಹಾಜರಾದಾಗ, ಅವರ ಹಳೆಯ ಸಾಮಾಜಿಕ ಜಾಲತಾಣದ ಬರಹಗಳನ್ನು ಹಿಡಿದು ಎರಡೂ ಪಕ್ಷಗಳ ಸದಸ್ಯರು ತರಾಟೆಗೆ ತೆಗೆದುಕೊಂಡರು. ಆ ವರ್ಷದ ಮೇಯರ್ ಚುನಾವಣೆಗೆ ಅವರು ಸ್ಪರ್ಧಿಸಲೂ ಇಲ್ಲ.

ಈ ನಡುವೆ, 2025ರ ಜೂನ್‌ನಲ್ಲಿ, ಟ್ರಂಪ್ ಸಹಿ ಮಾಡಿದ ಹೊಸ ಪ್ರಯಾಣ ನಿಷೇಧ ಜಾರಿಗೆ ಬಂತು. ಪೂರ್ಣ ನಿಷೇಧಕ್ಕೊಳಗಾದ 12 ದೇಶಗಳಲ್ಲಿ ಯೆಮೆನ್ ಒಂದು. ಡಿಸೆಂಬರ್‌ನ ಇನ್ನೊಂದು ಘೋಷಣೆ ಸಿರಿಯಾವನ್ನೂ ಪಟ್ಟಿಗೆ ಸೇರಿಸಿತು. ನಿರಾಶ್ರಿತರ ಪ್ರವೇಶ ಯೋಜನೆ ಅಧ್ಯಕ್ಷರು ಅಧಿಕಾರ ವಹಿಸಿಕೊಂಡ ಮೊದಲ ದಿನವೇ ಸ್ಥಗಿತಗೊಂಡಿತ್ತು. 2025ರ ಅಕ್ಟೋಬರ್‌ನಲ್ಲಿ ಆರಂಭವಾದ ಆರ್ಥಿಕ ವರ್ಷಕ್ಕೆ ನಿಗದಿಪಡಿಸಿದ ಗರಿಷ್ಠ ಮಿತಿ 7,500. ಅದರಲ್ಲೂ ಬಹುಪಾಲು ದಕ್ಷಿಣ ಆಫ್ರಿಕಾದ ಬಿಳಿಯರಿಗೆ. ಬೈಡನ್ ಅವಧಿಯಲ್ಲಿ ಈ ಮಿತಿ 1,25,000 ಇತ್ತು.

ಹ್ಯಾಮ್‌ಟ್ರಾಮಿಕ್ ಬೆಳೆದದ್ದು ಮೇಯರುಗಳ ಆಹ್ವಾನದಿಂದಲ್ಲ. ಮೊದಲು ಬಂದವನು ಹೆಂಡತಿಯನ್ನು, ಅಣ್ಣನು ತಮ್ಮನನ್ನು ಕರೆಸಿಕೊಂಡದ್ದರಿಂದ. ಈಗ ಮುಚ್ಚಿರುವುದು ಆ ಹಾದಿಯೇ. ರಟ್ಲೆಂಡ್‌ನಂಥ ಊರು ನಾಳೆ ಸರ್ವಾನುಮತದಿಂದ ಸಿರಿಯನ್ನರನ್ನು ಕರೆದರೂ ಬಂದಿಳಿಯುವವರಿಲ್ಲ. 2020ರ ಜನಗಣತಿಯಲ್ಲಿ ರಟ್ಲೆಂಡ್‌ನ ಜನಸಂಖ್ಯೆ 15,807. ಮುಂದಿನ ಎಣಿಕೆ 2030ರಲ್ಲಿ.